ಅಕ್ಕನ ರಜೆ

ಮಗಳಿಗೆ ಆರು ತಿಂಗಳಾಗುವಷ್ಟರಲ್ಲಿ ನನ್ನ ಹೆರಿಗೆ ರಜೆಯ 26 ವಾರಗಳು ಮುಗಿದವು. ಅದು 2018. ಬೆಂಗಳೂರಿನಲ್ಲಿ ನಮಗೆ ಹಿರಿಯರ ಆಸರೆಯಿಲ್ಲ. ಪಕ್ಕದ ಮನೆಯವರು ಒಬ್ಬರನ್ನು ಕರೆತಂದರು. ಹೆಸರು ಹಿಡಿದು ಕರೆಯಲು ಮನಸ್ಸಾಗದೆ ನಾನು ‘ಅಕ್ಕ’ ಎಂದೆ, ಮಗಳೂ ಅದನ್ನೇ ಕಲಿತಳು. ಅವರಿಗೆ ಮಾತ್ರ ನಾನು ಇಂದಿಗೂ ‘ಮೇಡಂ’.

ರಾಗಿಸರಿ ಕಾಯಿಸುವುದು, ಎಣ್ಣೆ ಹಚ್ಚಿ ನೀರು ಹಾಕುವುದು, ಮಲಗಿಸುವುದು ಎಲ್ಲ ಅವರದೇ. ಮಗಳು ಮೊದಲ ಹೆಜ್ಜೆ ಇಟ್ಟದ್ದೂ ಅವರ ಮುಂದೆಯೇ. ಸಂಜೆ ನನಗೆ ಹೇಳಲಿಲ್ಲ. ಮರುದಿನ ಮಗು ನನ್ನೆದುರು ನಡೆದಾಗ, “ನೋಡಿ ಮೇಡಂ, ಇವತ್ತೇ ಶುರು” ಎಂದರು. ನಿಜ ಸಂಗತಿ ಪಕ್ಕದ ಮನೆಯವರಿಂದ ಗೊತ್ತಾಗುವಾಗ ವರ್ಷ ಕಳೆದಿತ್ತು.

ಬಂದವರಿಗೆಲ್ಲ “ಅಕ್ಕ ನಮ್ಮ ಮನೆಯವರ ಹಾಗೇ” ಎನ್ನುತ್ತಿದ್ದೆ. ಆದರೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನಕ್ಕೆ ಅಡ್ಡಗೀಟು, ಅಕ್ಕ ಬಾರದ ದಿನಕ್ಕೆ ಸೊನ್ನೆ. ತಿಂಗಳ ಕೊನೆಗೆ ಎರಡಕ್ಕೂ ಕಡಿತ.

ಕಳೆದ ದಸರೆಗೆ ಹತ್ತು ದಿನ ಶಿರಸಿಗೆ ಹೋಗಿದ್ದೆವು. ಬಂದ ಮೇಲೆ ಸೊನ್ನೆ ಹಾಕುವ ಕೆಲಸ ಮಗಳಿಗೆ ಕೊಟ್ಟೆ. ಎರಡನೇ ತರಗತಿ, ಕಳೆಯುವ ಲೆಕ್ಕದ ಹುರುಪು. ಮೂರು ಸೊನ್ನೆ ಹಾಕಿ ನಿಲ್ಲಿಸಿದಳು.

“ಅಮ್ಮಾ, ಅಕ್ಕ ಬರಲಿಲ್ವಾ, ನಾವು ಇರಲಿಲ್ವಾ? ನಿಂಗೂ ಆಫೀಸಲ್ಲಿ ದುಡ್ಡು ಕಟ್ ಮಾಡ್ತಾರಾ?”

ಇಲ್ಲ, ನನ್ನದು ಸಂಬಳ ಸಹಿತ ರಜೆ. ನಾಚಿಕೆಯ ಮಾತೆಂದರೆ ನಾನು ಕೆಲಸ ಮಾಡುವುದು ಲೆಕ್ಕಪತ್ರ ವಿಭಾಗದಲ್ಲಿ, ಬೇರೆಯವರ ಪಿ.ಎಫ್., ಇ.ಎಸ್.ಐ. ನೋಡುವುದೇ ನನ್ನ ಕಸುಬು. ಅಕ್ಕನನ್ನು ಕೇಳಿದೆ, ದಸರೆ ತಿಂಗಳು ಹೇಗೆ ನಡೆಯುತ್ತದೆ ಎಂದು. “ಬಡ್ಡಿಗೆ ತರ್ತೀನಿ ಮೇಡಂ, ಬಾಡಿಗೆ ಕೊಡ್ಬೇಕಲ್ಲ” ಎಂದರು.

ಆ ರಾತ್ರಿ ಹುಡುಕಿ ಓದಿದೆ. ಮನೆಗೆಲಸದವರಿಗೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿದೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ನಮ್ಮ ಮನೆಯೂ ಒಂದು ಕೆಲಸದ ಜಾಗ. ಪಿ.ಎಫ್. ಕಾನೂನು ಒಬ್ಬರೇ ದುಡಿಯುವ ಮನೆಗೆ ತಾಕುವುದಿಲ್ಲ, ನಿಜ. ಆದರೆ 2019ರಲ್ಲಿ ಬಂದ ಶ್ರಮಯೋಗಿ ಮಾನ್‌ಧನ್ ಪಿಂಚಣಿಗೆ 18ರಿಂದ 40 ವಯಸ್ಸಿನ ಮನೆಗೆಲಸದವರು ಸೇರಬಹುದು. ತಿಂಗಳಿಗೆ ಹೆಚ್ಚೆಂದರೆ 200 ರೂಪಾಯಿ ಕಟ್ಟಬೇಕು, ಅಷ್ಟೇ ಹಣ ಸರ್ಕಾರವೂ ಹಾಕುತ್ತದೆ, 60 ದಾಟಿದ ಮೇಲೆ ತಿಂಗಳಿಗೆ 3000. ಆಗ ಅಕ್ಕನಿಗೆ 39. ಈಗ 45. ಒಂದು ಫಾರಂ ತುಂಬಿಸಲು ನನಗೆ ಅರ್ಧ ದಿನ ಸಾಕಿತ್ತು.

ಉಳಿದ ದಾರಿ ಇ-ಶ್ರಮ್ ಕಾರ್ಡು. ಅದನ್ನು ಮಾಡಿಸಿದೆವು. ಏಳು ವರ್ಷದ ದಸರೆ ಕಡಿತವನ್ನು ಒಮ್ಮೆಲೇ ಕೊಡಲಾಗದೆ, ಅಂಚೆ ಕಚೇರಿಯಲ್ಲಿ ಅವರ ಹೆಸರಿನ ಆರ್.ಡಿ.ಗೆ ತಿಂಗಳು ತಿಂಗಳು ಕಟ್ಟುತ್ತಿದ್ದೇನೆ.

ಒಂದು ಹಾಳೆಯಲ್ಲಿ ಸಂಬಳ, ಭಾನುವಾರದ ರಜೆ, ಕಾಯಿಲೆಯ ರಜೆ, ನಾವು ಊರಿಗೆ ಹೋದರೂ ಪೂರ್ತಿ ಸಂಬಳ ಎಂದು ಬರೆದು ಮುಂದಿಟ್ಟೆ. ಅಕ್ಕನ ಮುಖ ಸಪ್ಪಗಾಯಿತು.

“ಬರೆದಿಡೋದ್ಯಾಕೆ ಮೇಡಂ, ನನ್ ಮೇಲೆ ನಂಬಿಕೆ ಇಲ್ವಾ?”

“ನಾನು ಮಾತು ತಪ್ಪಿದರೆ ತೋರಿಸೋಕೆ, ಅಕ್ಕ. ನೀವೇ ಇಟ್ಕೊಳ್ಳಿ” ಎಂದೆ.

ಹಾಳೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ, ನನ್ನ ಕಡೆ ಪೆನ್ನು ಚಾಚಿದರು.

“ಹಂಗಾದ್ರೆ ಇದೂ ಒಂದು ಬರೀರಿ. ಸಂಜೆ ಆರೂವರೆ ಅಂದ್ರೆ ಆರೂವರೆ.”