ನಾವು ಪತ್ತೇದಾರಿ ಬರೆದದ್ದು

ಪತ್ತೇದಾರಿ ಕಾದಂಬರಿ ಬರೀತಿದೀವಿ ಅಂದಾಗ ನಮ್ಮ ಗೆಳೆಯರೇ ನಕ್ಕರು. 'ನಿಮಗ್ಯಾಕ್ರಯ್ಯ ಇದೆಲ್ಲ? ನಿಮ್ಮ ಹಸಿವು, ಅವಮಾನ ಬರೀರಿ' ಅಂದರು. ಹಸಿವು ಬರೆಯಲು ನಮಗೆ ಅಪ್ಪಣೆಯುಂಟು, ಒಗಟು ಕಟ್ಟಲು ಇಲ್ಲ!

ಊರಲ್ಲಿ ಕೋಳಿ ಕಳುವಾದರೂ ಪೊಲೀಸರು ಮೊದಲು ನುಗ್ಗುತ್ತಿದ್ದದ್ದು ನಮ್ಮ ಕೇರಿಗೆ. ಕತೆ ಶುರುವಾಗುವ ಮೊದಲೇ ಕಳ್ಳ ತೀರ್ಮಾನವಾಗಿರುತ್ತಿದ್ದ. ಅದಕ್ಕೇ ನಮ್ಮ ಕಾದಂಬರಿಯಲ್ಲಿ ಏಟು ತಿಂದವನೇ ಪತ್ತೇದಾರ. ಹೆಜ್ಜೆ ಗುರುತು ಹಿಡಿದು ಗೌಡರ ಮನೆ ಮುಂದೆ ನಿಂತ. ಅಲ್ಲಿಗೆ ನಮ್ಮ ಪೆನ್ನೂ ನಿಂತಿತು. ಪತ್ತೇದಾರ ಒಳಗೆ ಹೋಗಬೇಕು; ನಮ್ಮವನು ಜಗುಲಿಯನ್ನೇ ಹತ್ತುವಂತಿಲ್ಲ. ಕಡೆಗೆ ಕೊಟ್ಟಿಗೆ ಬಾಚುವ ಅವನವ್ವನೇ ಅವನಿಗೆ ಕಣ್ಣಾದಳು.

ಅಮೆರಿಕದ ಕರಿಯ ಲೇಖಕ ಚೆಸ್ಟರ್ ಹೈಮ್ಸ್ ಜೈಲು ಕಂಡವನು. ಹಾರ್ಲೆಮ್ಮಿನ ಕರಿಯ ಪತ್ತೇದಾರರ ಕತೆ ಬರೆದ. 1958ರಲ್ಲಿ ಫ್ರಾನ್ಸ್ ಅದಕ್ಕೆ ಬಹುಮಾನ ಕೊಟ್ಟಿತು. ನಮ್ಮಲ್ಲೇ 1984ರ 'ಕುಸುಮಬಾಲೆ'ಯಲ್ಲಿ ದೇವನೂರ ಮಹಾದೇವ ದೀಪದ ಜೋತಮ್ಮಗಳನ್ನೇ ಮಾತಾಡಿಸಿದರು. ಅವರು ಯಾರ ಅಪ್ಪಣೆ ಕೇಳಿದ್ದರು?

ಬರೆದದ್ದನ್ನು ಓದು ಬಾರದ ನಮ್ಮವ್ವನಿಗೆ ಓದಿ ಹೇಳಿದೆವು.

'ಕಳ್ಳ ಸಿಕ್ಕುದ್ನಾ ಮಗಾ?'

'ಸಿಕ್ಕಿದ ಕಣವ್ವ.'

'ಪೊಲೀಸ್ನೋರು ಹಿಡ್ಕೊಂಡು ಹೋದ್ರಾ?'

ಆ ಅಧ್ಯಾಯವನ್ನು ನಾವಿನ್ನೂ ಬರೆದಿಲ್ಲ.