ಬೇರಿಂಗು ಎರೆಸಿದ್ದು

ತಂದೆಯವರು ಬಿಟ್ಟುಹೋದ ಆಸ್ತಿಯಲ್ಲಿ ಅಣ್ಣನಿಗೆ ಅಡಕೆ ತೋಟ ಬಂತು, ನನಗೆ 1930ರ ಫೋರ್ಡ್ ಕಾರು ಬಂತು. ಲಾಭ ಯಾರಿಗಾಯಿತೆಂದು ನೀವು ಕೇಳಬೇಡಿ. ನನ್ನಾಕೆ ದಿನವೂ ಕೇಳುತ್ತಾಳೆ.

ಕಳೆದ ಮಾಘದಲ್ಲಿ ಸೊರಬದ ಒಂದು ಮದುವೆಗೆ ಅದರಲ್ಲೇ ಹೊರಟೆ. ಶಿಕಾರಿಪುರ ಇನ್ನೊಂದು ಮೈಲಿಯಿದೆ ಎನ್ನುವಾಗ ಒಳಗಿನಿಂದ ಟಕಟಕ ಸದ್ದು. ಎಣ್ಣೆ ನೋಡಿಯೇ ಹೊರಡಬೇಕೆಂಬುದು ತಂದೆಯವರ ಕಟ್ಟಪ್ಪಣೆ. ಆ ದಿನ ಮರೆತಿದ್ದೆ.

ಊರಿನ ಮುದುಕ ಮಿಸ್ತ್ರಿಯೊಬ್ಬರು ಸದ್ದು ಕೇಳಿಯೇ "ಮೂರನೇ ರಾಡು" ಎಂದರು. ಈಗಿನ ಕಾರುಗಳಿಗಾದರೆ ಬೇರಿಂಗಿನ ಚಿಪ್ಪು ಕೊಂಡು ಹಾಕಿದರಾಯಿತು. ಈ ಫೋರ್ಡಿನಲ್ಲಿ ಕನೆಕ್ಟಿಂಗ್ ರಾಡಿನ ಕಿವಿಯೊಳಗೇ ಬಿಳಿ ಲೋಹವನ್ನು ಕರಗಿಸಿ ಎರೆದಿರುತ್ತಾರೆ. ತವರವೇ ಹೆಚ್ಚು, ಸ್ವಲ್ಪ ಆಂಟಿಮನಿ, ಇನ್ನೂ ಸ್ವಲ್ಪ ತಾಮ್ರ. 1839ರಲ್ಲಿ ಐಸಾಕ್ ಬ್ಯಾಬಿಟ್ ಎಂಬ ಅಮೆರಿಕದವನು ಹೊರತಂದ ಪಾಕ. ಎಣ್ಣೆ ತಪ್ಪಿದರೆ ತಾನು ಕರಗಿ ಕ್ರ್ಯಾಂಕನ್ನು ಉಳಿಸುತ್ತದೆ. ಪುಣ್ಯಕ್ಕೆ ಉಳಿಸಿತ್ತು.

ಮಿಸ್ತ್ರಿ ಒಂದು ಕಾಲಕ್ಕೆ ಅಕ್ಕಿ ಗಿರಣಿ, ಆಲೆಮನೆಗಳ ಎಂಜಿನುಗಳಿಗೆ ಎರೆದವರು. ಕರೆಂಟು ಬಂದಮೇಲೆ ಅವರ ಕುಲುಮೆ ತಣ್ಣಗಾಗಿತ್ತು.

"ಹಳೆಯ ಲೋಹವನ್ನೇ ಕರಗಿಸಿ ಎರೆಯಿರಿ, ತಂದೆಯವರ ಕಾಲದ್ದು" ಎಂದೆ.

"ರಾಯರೇ, ಇದು ಸುಟ್ಟದ್ದು. ನಡುವೆ ಯಾರೋ ಸೀಸವನ್ನೂ ಬೆರೆಸಿದ್ದಾರೆ. ನಿಮಗೆ ತಂದೆಯ ನೆನಪು ಬೇಕೋ, ಗಾಡಿ ಓಡಬೇಕೋ?"

ನಾನು ಸುಮ್ಮನಾದೆ. ಹೊಸ ಲೋಹದ ಗಟ್ಟಿ ತರಿಸಿದರು.

ರಾಡನ್ನು ಸೋಡಾ ನೀರಿನಲ್ಲಿ ಕುದಿಸಿ, ನವಸಾಗರ ಹಾಕಿ, ಒಳಮೈಗೆ ತವರದ ಕಲಾಯಿ ಹಿಡಿಸಿದರು. ಬೀದಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವುದನ್ನು ಕಂಡವರಿಗೆ ಆ ಹೊಗೆಯ ವಾಸನೆ ಗೊತ್ತು. ಕಲಾಯಿ ಹಿಡಿಯದ ಕಡೆ ಲೋಹ ಕೂರುವುದಿಲ್ಲ. ಕಾದ ಲೋಹಕ್ಕೆ ಒಣ ಕಡ್ಡಿ ಅದ್ದಿ, ಅದು ಕಂದಾದುದನ್ನು ನೋಡಿ ಹದ ತಿಳಿದರು. ಸೌಟು ಹಿಡಿದೊಡನೆ ಅವರ ಕೈನಡುಕ ನಿಂತಿತೆಂದು ಬರೆದರೆ ಚೆನ್ನಾಗಿರುತ್ತಿತ್ತು. ನಿಲ್ಲಲಿಲ್ಲ. ಧಾರೆ ನಡುವೆ ತುಂಡಾಯಿತು. ಆರಿದಮೇಲೆ ತಟ್ಟಿದರೆ ಒಡಕು ಮಡಕೆಯ ಸದ್ದು.

ಮಿಸ್ತ್ರಿ ಅದನ್ನೇ ಬಹಳ ಹೊತ್ತು ನೋಡುತ್ತ ಕುಳಿತರು. ಮರುದಿನ ಸೌಟನ್ನು ಮೊಮ್ಮಗನ ಕೈಗೆ ಕೊಟ್ಟರು. ಮೊಬೈಲು ರಿಪೇರಿಯ ಹುಡುಗ. ಕುಲುಮೆಯ ಕಡೆ ತಲೆ ಹಾಕಿದವನೇ ಅಲ್ಲವಂತೆ. "ನಿಲ್ಲಿಸಬೇಡ, ನಿಲ್ಲಿಸಬೇಡ" ಎಂದು ಅಜ್ಜ ಪಿಸುಗುಟ್ಟುತ್ತಿದ್ದರು. ಈ ಸಲ ತಟ್ಟಿದರೆ ಗಂಟೆಯ ನಾದ. ಹುಡುಗ ತಾನೇ ಇನ್ನೊಂದು ಸಲ ತಟ್ಟಿ ನೋಡಿದ.

ಲೇತಿನಲ್ಲಿ ಕೊರೆದು, ನೀಲಿ ಬಣ್ಣ ಸವರಿ, ಉಬ್ಬು ಕಂಡಲ್ಲೆಲ್ಲ ಕೆರೆದು ಕೂರಿಸಲು ಮತ್ತೊಂದು ದಿನ ಹಿಡಿಯಿತು. ಸೊರಬ ತಲುಪುವ ಹೊತ್ತಿಗೆ ಮದುಮಕ್ಕಳು ಊರಲ್ಲೇ ಇರಲಿಲ್ಲ. ದಾರಿಯಲ್ಲಿ ಮೂರು ಸಲ ಎಣ್ಣೆ ನೋಡಿದೆ.

ಹಳೆಯ ಲೋಹದ ಚೂರುಗಳನ್ನು ಮಿಸ್ತ್ರಿ ಪೊಟ್ಟಣ ಕಟ್ಟಿ ಕೊಟ್ಟಿದ್ದರು. ಅದನ್ನೆಲ್ಲಿ ಇಡಬೇಕೆಂದು ನನ್ನಾಕೆ ಈಗ ಕೇಳುತ್ತಿದ್ದಾಳೆ.