ಸಾಮ ಕಾ?

ಲೋಸ್ ಬಾನ್ಯೋಸ್‌ಗೆ ಬಂದ ಮೊದಲ ವಾರ. ಮಧ್ಯಾಹ್ನದ ಹೊತ್ತು ಗೇಟಿನ ಪಕ್ಕ ಕಾವಲಿನವರು ಊಟದ ಡಬ್ಬಿ ಬಿಚ್ಚಿ ಕೂತಿದ್ದರು. ಅನ್ನ, ಅದರ ಮೇಲೆ ಕರಿದ ಎರಡು ಒಣಮೀನು, ಮುಚ್ಚಳದಲ್ಲಿ ಹೆಚ್ಚಿಟ್ಟ ಟೊಮೆಟೊ. ನಾನು ಹಾದುಹೋಗುವಾಗ ತಲೆಯೆತ್ತಿ "ಕಾಯಿನ್ ಪೊ ತಾಯೊ" ಅಂದರು. ನನಗೆ ಅರ್ಥವಾದದ್ದು ಆ ನಗು ಮಾತ್ರ. ಒಳಗೆ ಹೋಗಿ ಆತೆಯನ್ನು ಕೇಳಿದೆ. ಆತೆ ಅಂದರೆ ಅಕ್ಕ. ಪಕ್ಕದ ಮೇಜಿನ ಹಿರಿಯರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. "ಬನ್ನಿ, ಊಟ ಮಾಡೋಣ ಅಂದಿದ್ದಾರೆ. 'ಸಿಗೆ ಲಂಗ್ ಪೊ, ಸಲಾಮತ್' ಅನ್ನಬೇಕು" ಅಂತ ಹೇಳಿಕೊಟ್ಟರು. ಇರಲಿ, ನೀವು ಮಾಡಿ, ಧನ್ಯವಾದ ಅಂತ.

ನಮ್ಮ ಕಡೆಯ ರೈಲು ಕಣ್ಣ ಮುಂದೆ ಬಂತು. ಬುತ್ತಿ ಬಿಚ್ಚಿದವರು ಎದುರು ಸೀಟಿನವರಿಗೆ "ಬನ್ನಿ, ತಗೊಳ್ಳಿ" ಅನ್ನದೆ ತುತ್ತು ಎತ್ತುವುದಿಲ್ಲ. ಎದುರಿನವರು "ಈಗಷ್ಟೇ ಆಯ್ತು" ಅನ್ನದೆ ಬಿಡುವುದಿಲ್ಲ. ಇದು ಬರೀ ಬಾಯುಪಚಾರ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕರೆದವರ ಪಕ್ಕ ನಿಜವಾಗಿ ಕೂತವನಿಗೆ ಆ ಎರಡು ಮೀನಿನಲ್ಲಿ ಒಂದು ಹೋದದ್ದನ್ನು ಆಮೇಲೆ ಕಂಡಿದ್ದೇನೆ.

ಲೋಸ್ ಬಾನ್ಯೋಸ್ ಇರುವುದು ಮನಿಲಾದಿಂದ ದಕ್ಷಿಣಕ್ಕೆ 60 ಚಿಲ್ಲರೆ ಕಿಲೋಮೀಟರ್, ಮಾಕಿಲಿಂಗ್ ಬೆಟ್ಟದ ಬುಡದಲ್ಲಿ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1960ರಲ್ಲಿ ಶುರುವಾದದ್ದು ಇಲ್ಲೇ. ನಮ್ಮಜ್ಜ ಗದ್ದೆಗೆ ಹಾಕುತ್ತಿದ್ದ ಐಆರ್ 8 ಇಲ್ಲಿಂದಲೇ 1966ರಲ್ಲಿ ಹೊರಬಂದ ತಳಿ. ನಾನು ಬಂದದ್ದೂ ಭತ್ತದ ಕೆಲಸಕ್ಕೇ. ಕೆಲಸಕ್ಕೆ ಇಂಗ್ಲಿಷ್ ಸಾಕು. ಆದರೆ ಮಧ್ಯಾಹ್ನ ಮೂರು ದಾಟಿ ಮೆರಿಯೆಂದದ ಹೊತ್ತಾದರೆ, ಸಕ್ಕರೆ ಪಾಕ ಹಿಡಿದ ಬಾಳೆಹಣ್ಣಿನ ತುರೋನ್ ಬಿಸಿಬಿಸಿಯಾಗಿ ಬಂದರೆ, ಎಲ್ಲರ ಬಾಯಲ್ಲೂ ಟಗಾಲೊಗ್. ತುರೋನಿನ ಒಳಗೆ ಒಂದು ಎಳೆ ಹಲಸಿನ ತೊಳೆಯೂ ಸಿಗುತ್ತದೆ. ಪುತ್ತೂರಿನ ನನಗೆ ಆ ಪರಿಮಳ ಒಂದೇ ಸಾಕಿತ್ತು ಅಲ್ಲಿ ನಿಲ್ಲುವುದಕ್ಕೆ. ಹಾಗೆ ನಿಂತು ನಿಂತು, ಜತೆಗೆ ಕರೆಯುವ ಮಾತುಗಳನ್ನು ಒಂದೊಂದಾಗಿ ಹೆಕ್ಕತೊಡಗಿದೆ.

ಎಲ್ಲಕ್ಕಿಂತ ಹಗುರ "ತಾರಾ". ನಡಿ, ಹೋಗೋಣ. "ತಾರಾ ನ" ಅಂದರೆ ಕಾಲಿಗೆ ಚಪ್ಪಲಿ ಬಿದ್ದಾಗಿದೆ ಅಂತ ಲೆಕ್ಕ. ಹುಡುಗರು ಅದನ್ನೇ ತಿರುಗಿಸಿ "ಆರಾತ್" ಅನ್ನುತ್ತಾರೆ, ಪದ ಹಿಂದುಮುಂದು ಮಾಡುವ ಆಟ ಅವರಿಗೆ ಬಹಳ ಇಷ್ಟ. ಇನ್ನು ಯಾವ ಹೆಸರಿನ ಹಿಂದೆ "ತಾಯೊ" ಇಟ್ಟರೂ ಅದೊಂದು ಕರೆ. "ಕಪೆ ತಾಯೊ", ಕಾಫಿ ಕುಡಿಯೋಣ. "ಸಿನೆ ತಾಯೊ", ಸಿನಿಮಾಕ್ಕೆ ಹೋಗೋಣ. ಊರಿನ ಹೆಸರಿಟ್ಟರೂ ಆಯಿತು, "ಬಗಿಯೊ ತಾಯೊ". ಕ್ರಿಯಾಪದವೇ ಬೇಡ! ನಾವು "-ಓಣ" ಹಚ್ಚಿ ಮಾಡುವ ಕೆಲಸವನ್ನು ಆ ಒಂದು ಸರ್ವನಾಮ ಮಾಡಿ ಮುಗಿಸುತ್ತದೆ.

ಆ ಸರ್ವನಾಮದಲ್ಲೇ ನನ್ನ ಜೀವ ಸಿಕ್ಕಿಕೊಂಡದ್ದು. ಟಗಾಲೊಗ್‌ನಲ್ಲಿ "ನಾವು" ಎರಡು. ಕೇಳುವವರನ್ನು ಸೇರಿಸಿಕೊಂಡರೆ "ತಾಯೊ", ಬಿಟ್ಟರೆ "ಕಮಿ". ನಾನು ನೆನಪಿಟ್ಟುಕೊಂಡದ್ದು ಹೀಗೆ: ಕಮಿಯಲ್ಲಿ ಒಬ್ಬರು ಕಮ್ಮಿ, ಆ ಒಬ್ಬರು ನೀನೇ. ಒಂದು ಶನಿವಾರ ಆತೆ ಚೀಲ ಹಿಡಿದು ಬಾಗಿಲಲ್ಲಿ ನಿಂತು, "ಪುಪುಂತಾ ಕಮಿ ಸಾ ಪಲೆಂಕೆ. ಸಾಮ ಕಾ?" ಅಂದರು. ನಾವು ಸಂತೆಗೆ ಹೊರಟಿದ್ದೇವೆ, ಬರ್ತೀಯಾ? ಅಲ್ಲಿಯವರೆಗೂ ಆ "ನಾವು" ಅವರವರದ್ದು, ನಾನು ಹೊರಗೆ. "ಸಿಗೆ" ಅಂದೆ, ಆಗಲಿ ಅಂತ. ಮರುಗಳಿಗೆಗೆ ಆತೆ ಒಳಗಿದ್ದವರ ಕಡೆ ತಿರುಗಿ ಕೂಗಿದರು: "ತಾರಾ, ಆಲಿಸ್ ನ ತಾಯೊ!" ಹೊರಡೋಣ ನಡೀರಿ. ಕಮಿ ಹೋಗಿ ತಾಯೊ ಆಗಿತ್ತು. ನಡುವೆ ಇದ್ದದ್ದು ನನ್ನ ಎರಡಕ್ಷರದ ಒಂದು ಮಾತು. ಜೀಪ್ನಿಯ ಉದ್ದ ಬೆಂಚಿನಲ್ಲಿ ಮೊಣಕಾಲು ತಾಗಿಸಿ ಕೂತು, ಚಾಲಕನಿಗೆ ಕೊಡಬೇಕಾದ ಚಿಲ್ಲರೆಯನ್ನು ಕೈಯಿಂದ ಕೈಗೆ ದಾಟಿಸುತ್ತ, ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ.

ರಾತ್ರಿ ಅಮ್ಮನಿಗೆ ಫೋನಿನಲ್ಲಿ ವಿವರಿಸಲು ಹೊರಟೆ. ಅರ್ಧಕ್ಕೇ ತಡೆದರು. "ಅದರಲ್ಲೇನು ಹೊಸದು ಮಾರಾಯ? ನಾವು 'ಎಂಕುಲು ಪೋಪ' ಅಂತಲೂ ಹೇಳ್ತೇವೆ, 'ನಮ ಪೋಯಿ' ಅಂತಲೂ ಹೇಳ್ತೇವೆ. ಎರಡೂ ಒಂದೆಯಾ?" ಹೌದಲ್ಲ! ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ತುಳು ಆಡುತ್ತ ಬೆಳೆದವನು ನಾನು. ಎಂಕುಲು ಅಂದರೆ ಕಮಿ, ನಮ ಅಂದರೆ ತಾಯೊ. ಇಷ್ಟು ವರ್ಷ ಬಾಯಲ್ಲೇ ಇದ್ದದ್ದನ್ನು ಫಿಲಿಪ್ಪೀನ್ಸಿನ ಸಂತೆಯೊಂದು ಎತ್ತಿ ತೋರಿಸಿತ್ತು.

ಆಮೇಲೆ ಕಿವಿ ಇನ್ನಷ್ಟು ಚುರುಕಾಯಿತು. ದಾರಿಯಲ್ಲಿ ಸಿಕ್ಕವರು "ಎಲ್ಲಿಗೆ?" ಅಂದರೆ "ದಿಯಾನ್ ಲಂಗ್" ಅಂದರೆ ಸಾಕು, ಇಲ್ಲೇ ಅಂತ. ನಮ್ಮೂರಿನ "ಇಲ್ಲೇ"ಯಷ್ಟೇ ಉದ್ದಗಲ ಅದಕ್ಕೂ. ಸಂಜೆ ಮೊದಲು ಮನೆಗೆ ಹೊರಟವರು "ಹೋಗ್ತೇನೆ" ಅನ್ನದೆ "ಉನಾ ನಾ ಅಕೊ" ಅನ್ನುತ್ತಾರೆ. ನಾನು ಮುಂದೆ ಹೋಗಿರ್ತೇನೆ ಅಂತ. ನಾವು "ಹೋಗಿ ಬರ್ತೇನೆ" ಅನ್ನುವಾಗ ಮರಳಿ ಬರುವುದನ್ನು ಸೇರಿಸುತ್ತೇವೆ, ಅವರು ಹಿಂದೆ ಬರುವವರನ್ನು ಸೇರಿಸುತ್ತಾರೆ. ಜತೆಗೆ ಬಂದವನಿಗೆ "ಕಸಾಮ" ಅನ್ನುತ್ತಾರೆ. "ಸಾಮ ಕಾ?" ಎಂಬ ಆ ಕರೆಯೇ ಅದರೊಳಗೆ ಕೂತಿದೆ.

ಜುಲೈಯ ಒಂದು ಸಂಜೆ ಮಾಕಿಲಿಂಗ್ ಕಾಣದಷ್ಟು ಮಳೆ. ಕೊಡೆ ಮರೆತು ಜಗಲಿಯಲ್ಲಿ ನಿಂತಿದ್ದೆ. ಗುರುತಿಲ್ಲದ ಒಬ್ಬ ಹೆಂಗಸು ಹೂವಿನ ಚಿತ್ರದ ಕೊಡೆ ಬಿಚ್ಚಿದರು. ಅದರ ಒಂದು ಕಡ್ಡಿ ಬಾಗಿತ್ತು. ನನ್ನ ಕಡೆ ನೋಡಿ, "ಸುಕೋಬ್ ತಾಯೊ" ಅಂದರು. ಒಂದೇ ಕೊಡೆಯಡಿ ಇಬ್ಬರು ಸೇರುವುದಕ್ಕೆ ಆ ಭಾಷೆಯಲ್ಲಿ ಬೇರೆಯೇ ಒಂದು ಪದವಿದೆ, ಸುಕೋಬ್. ಜೀಪ್ನಿ ನಿಲ್ಲುವಲ್ಲಿಗೆ ನಡೆದೆವು. ನನ್ನ ಎಡ ಭುಜ ನೆನೆಯಿತು, ಅವರ ಬಲ ಭುಜ.